ಸೋಫಾ ಮೇಲೆ ಕೂತು ಕುಣಿದವಳಿಗೆ ಫುಲ್ ಮಾರ್ಕು

ಮಳೆ ಜೋರಾಗಿ ಶಾಲೆಗಳಿಗೆ ರಜೆ ಕೊಟ್ಟ ದಿನ. ಶಿವಮೊಗ್ಗದ ನಮ್ಮ ಮನೆಯಲ್ಲಿ ಅಕ್ಕನ ಮಗಳು ಉಳಿದುಕೊಂಡಿದ್ದಳು. ಅವಳದು ತೀರ್ಥಹಳ್ಳಿ ಕಡೆ, ನಾಲ್ಕನೇ ಕ್ಲಾಸು. ಟಿವಿಗೆ ಒಂದು ಡ್ಯಾನ್ಸ್ ಗೇಮ್ ಹಾಕಿಕೊಂಡು ನನ್ನ ಮಗನ ಜೊತೆ ಪಂದ್ಯಕ್ಕೆ ನಿಂತಳು. ಇಬ್ಬರ ಕೈಯಲ್ಲೂ ಒಂದೊಂದು ಮೊಬೈಲ್. ಎರಡು ಹಾಡಿಗೆ ಇಬ್ಬರೂ ನೆಲ ಅದುರುವ ಹಾಗೆ ಕುಣಿದರು. ಮೂರನೇ ಹಾಡಿಗೆ ಅವಳು ಸೋಫಾ ಮೇಲೆ ಕಾಲು ಚಾಚಿ ಕೂತಳು. ಎಡಗೈಯಲ್ಲಿ ಚಕ್ಕುಲಿ, ಬಲಗೈಯಲ್ಲಿ ಮೊಬೈಲ್. ಪರದೆಯ ಮೇಲಿನ ಗೊಂಬೆ ಕೈ ಬೀಸಿದಾಗೆಲ್ಲ ತಾನೂ ಬೀಸಿದಳು, ಅಷ್ಟೇ. ಗೆದ್ದೂಬಿಟ್ಟಳು.

"ಮೋಸ!" ಅಂತ ಮಗ ಕೂಗಿದ.

"ನಾನು ಕೂತಿರೋದು ಅದಕ್ಕೆ ಕಾಣಲ್ಲ ಕಣೋ" ಅಂದಳು ಅವಳು.

ಆ ಮಾತು ನೂರಕ್ಕೆ ನೂರು ಸರಿ. ಡ್ಯಾನ್ಸ್ ಗೇಮಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅನ್ನುವುದು ಗೊತ್ತಾದರೆ ಅದರ ಅರ್ಧ ಗುಟ್ಟು ಗೊತ್ತಾದ ಹಾಗೆ. ಟಿವಿಯ ಮಕ್ಕಳ ಡ್ಯಾನ್ಸ್ ಸ್ಪರ್ಧೆಗೂ ಇದೇ ಪ್ರಶ್ನೆ ಹಾಕಬಹುದು. ಅಲ್ಲಿಗೆ ಆಮೇಲೆ ಬರೋಣ.

ಮೊದಲು ಕಾಲಿನ ಕಥೆ. 1998ರಲ್ಲಿ ಜಪಾನಿನ ಕೊನಾಮಿ ಕಂಪನಿ 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್' ಅನ್ನುವ ಯಂತ್ರವನ್ನು ದುಡ್ಡು ಹಾಕಿ ವಿಡಿಯೋ ಗೇಮ್ ಆಡುವ ಅಂಗಡಿಗಳಿಗೆ ತಂದಿತು. ನಮ್ಮ ಕುಂಟೆಬಿಲ್ಲೆಯ ಮನೆಗಳನ್ನು ನೆನಪಿಸಿಕೊಳ್ಳಿ. ನೆಲದ ಮೇಲೆ ನಾಲ್ಕು ಚೌಕ: ಎಡ, ಬಲ, ಮುಂದೆ, ಹಿಂದೆ. ಪ್ರತಿ ಚೌಕದ ಕೆಳಗೆ ಒತ್ತಡ ಗುರುತಿಸುವ ಸ್ವಿಚ್ಚು. ಎದುರಿನ ಪರದೆಯಲ್ಲಿ ಬಾಣಗಳು ಕೆಳಗಿನಿಂದ ಮೇಲಕ್ಕೆ ಹರಿದು ಬರುತ್ತವೆ. ಬಾಣ ಮೇಲಿನ ಗುರುತಿಗೆ ಕೂಡುವ ಹೊತ್ತಿಗೆ ಅದೇ ದಿಕ್ಕಿನ ಚೌಕವನ್ನು ತುಳಿಯಬೇಕು. ಹಾಡಿನ ತಾಳಕ್ಕೆ ಬಾಣಗಳನ್ನು ಮೊದಲೇ ಜೋಡಿಸಿಟ್ಟಿರುತ್ತಾರೆ. ಹಾಗಾಗಿ ಬಾಣ ತುಳಿದರೆ ತಾಳ ತುಳಿದ ಹಾಗೆ.

ಯಂತ್ರಕ್ಕೆ ತಿಳಿಯುವುದು ಎರಡೇ ಸಂಗತಿ. ಯಾವ ಚೌಕ, ಯಾವ ಕ್ಷಣ. ಕ್ಷಣದ ವಿಷಯದಲ್ಲಿ ಮಾತ್ರ ಅದು ಭಾರಿ ಕಟ್ಟುನಿಟ್ಟು. ಸೆಕೆಂಡಿನ ಸಣ್ಣದೊಂದು ಚೂರು ಆಚೀಚೆ ಆದರೂ 'ಪರ್ಫೆಕ್ಟ್' ಹೋಗಿ 'ಗ್ರೇಟ್', ಇನ್ನೂ ತಪ್ಪಿದರೆ 'ಗುಡ್'. ಆದರೆ ಸೊಂಟ ಬಳುಕಿತಾ, ಕೈ ಎಲ್ಲಿತ್ತು, ಮುಖದಲ್ಲಿ ನಗು ಇತ್ತಾ, ಒಂದೂ ಅದಕ್ಕೆ ಬೇಕಿಲ್ಲ. ಅದಕ್ಕೇ ಪಳಗಿದ ಆಟಗಾರರು ಯಂತ್ರದಲ್ಲಿ ತಮ್ಮ ಬೆನ್ನ ಹಿಂದೆ ಇರುವ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವೆಲ್ಲ ಅದರ ಮೇಲೆ ಹಾಕಿ, ಕಾಲನ್ನು ಮಾತ್ರ ಹೊಲಿಗೆ ಮಷೀನಿನ ಸೂಜಿಯ ಹಾಗೆ ಓಡಿಸುತ್ತಾರೆ. ನೋಡುವವರಿಗೆ ಅದು ಕುಣಿತ ಅನ್ನಿಸುವುದಿಲ್ಲ. ಯಂತ್ರಕ್ಕೆ ಮಾತ್ರ ಅದೇ ಅತ್ಯುತ್ತಮ ಕುಣಿತ.

ಇಲ್ಲೊಂದು ಅಡ್ಡಮಾತು. ಮನೆಯಲ್ಲಿ ಇಂಥ ಆಟ ಆಡುವ ಎಷ್ಟೋ ಮಕ್ಕಳು ತಾಳ ಸರಿಯಾಗಿದ್ದರೂ ಮಾರ್ಕು ಬರುವುದಿಲ್ಲ ಅಂತ ಗೋಳಾಡುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾವು ನಗುತ್ತೇವೆ. ಇಲ್ಲಿ ಎಷ್ಟೋ ಸಲ ನೆಲ ನಿಜಕ್ಕೂ ಡೊಂಕು! ಈಗಿನ ಟಿವಿಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಸ್ವಲ್ಪ ತಡ ಮಾಡುತ್ತವೆ. ಬ್ಲೂಟೂತ್ ಸ್ಪೀಕರ್ ಹಾಕಿದರಂತೂ ದನಿ ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಜಾಸ್ತಿ ತಡವಾಗಿ ಬರುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಪೆಟ್ಟಿಗೂ ಪೆಟ್ಟಿಗೂ ನಡುವೆ ಇರುವುದು ಅರ್ಧ ಸೆಕೆಂಡು. ಅದರಲ್ಲಿ 0.2 ಸೆಕೆಂಡು ತಡ ಅಂದರೆ ಹೆಚ್ಚುಕಡಿಮೆ ಅರ್ಧ ಪೆಟ್ಟೇ ಜಾರಿದ ಹಾಗೆ. ಮಗು ಕಿವಿಗೆ ಬಿದ್ದ ತಾಳಕ್ಕೆ ಸರಿಯಾಗಿಯೇ ತುಳಿಯುತ್ತದೆ. ಯಂತ್ರದ ಲೆಕ್ಕದ ತಾಳ ಆಗಲೇ ಮುಂದೆ ಹೋಗಿರುತ್ತದೆ. ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಈ ತಡವನ್ನು ಸರಿಹೊಂದಿಸುವ ಜಾಗ ಸಾಮಾನ್ಯವಾಗಿ ಇರುತ್ತದೆ. ಮಗುವನ್ನು ಬೈಯುವ ಮೊದಲು ಅದನ್ನು ನೋಡಿ. ಟಿವಿಯಲ್ಲಿ 'ಗೇಮ್ ಮೋಡ್' ಇದ್ದರೆ ಅದನ್ನೂ ಹಾಕಿ.

ಕಾಲಾದ ಮೇಲೆ ಕೈ. 2009ರಲ್ಲಿ ಯೂಬಿಸಾಫ್ಟ್ ಕಂಪನಿಯ 'ಜಸ್ಟ್ ಡ್ಯಾನ್ಸ್' ಬಂತು, ನಿಂಟೆಂಡೊ ಕಂಪನಿಯ 'ವೀ' ಅನ್ನುವ ಗೇಮ್ ಯಂತ್ರಕ್ಕೆ. ನೆಲದ ಚೌಕ ಇಲ್ಲ. ಬಲಗೈಯಲ್ಲಿ ಒಂದು ರಿಮೋಟ್ ಹಿಡಿದು, ಪರದೆಯ ಮೇಲಿನ ಬಣ್ಣಬಣ್ಣದ ಡ್ಯಾನ್ಸರ್ ಮಾಡಿದ ಹಾಗೆ ಮಾಡಬೇಕು. ಆಮೇಲಿನ ವರ್ಷಗಳಲ್ಲಿ ರಿಮೋಟಿನ ಬದಲು ಮೊಬೈಲನ್ನೇ ಹಿಡಿದು ಆಡುವುದೂ ಬಂತು. ರಿಮೋಟಿನ ಒಳಗಿರುವ ಸಾಧನದ ಹೆಸರು ಅಕ್ಸೆಲೆರೋಮೀಟರ್. ಹೆಸರು ಉದ್ದ, ಕೆಲಸ ಸರಳ.

ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೀರಿ ಅಂದುಕೊಳ್ಳಿ. ಹೊರಗೆ ಏನೂ ಕಾಣುತ್ತಿಲ್ಲ. ಆದರೂ ಬಸ್ಸು ಎಡಕ್ಕೆ ತಿರುಗಿತು, ಈಗ ಬ್ರೇಕ್ ಹಾಕಿದ, ಈಗ ಹೊಂಡಕ್ಕೆ ಇಳಿಸಿದ ಅನ್ನುವುದೆಲ್ಲ ಗೊತ್ತಾಗುತ್ತದೆ ಅಲ್ವಾ? ಮೈ ಒಂದು ಕಡೆಗೆ ವಾಲುವುದರಿಂದ ಗೊತ್ತಾಗುವುದು ಅದು. ಅಕ್ಸೆಲೆರೋಮೀಟರ್ ಅಂದರೆ ಹೀಗೆ ಕಣ್ಣು ಮುಚ್ಚಿ ಕೂತ ಪ್ರಯಾಣಿಕ. ಅದರ ಎಲೆಕ್ಟ್ರಾನಿಕ್ ಚಿಪ್ ಒಳಗೆ ಕೂದಲಿಗಿಂತ ಸಣ್ಣ ಎಳೆಗಳಿಗೆ ಕಟ್ಟಿದ ಒಂದು ಪುಟಾಣಿ ತೂಕ ಇರುತ್ತದೆ. ಕೈ ಬೀಸಿದಾಗ ಅದು ಆಚೀಚೆ ವಾಲುತ್ತದೆ. ಎಷ್ಟು ವಾಲಿತು, ಯಾವ ಕಡೆಗೆ ಅನ್ನುವುದನ್ನು ಚಿಪ್ ಅಳೆಯುತ್ತದೆ. ಡ್ಯಾನ್ಸರ್ ಕೈ ಹೇಗೆ ಚಲಿಸಬೇಕು ಅನ್ನುವ ಲೆಕ್ಕ ಗೇಮಿನಲ್ಲಿ ಮೊದಲೇ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಹೊಂದಿತು ನೋಡಿ ಅಂಕ ಕೊಡುತ್ತದೆ.

ಕಣ್ಣು ಮುಚ್ಚಿದ ಪ್ರಯಾಣಿಕನಿಗೆ ಬಸ್ಸಿನ ಬಣ್ಣ ತಿಳಿಯುತ್ತದೆಯೇ? ಇಲ್ಲ. ಹಾಗೇ ಮೊಬೈಲಿಗೆ ಚಕ್ಕುಲಿ ತಿಳಿಯಲಿಲ್ಲ, ಸೋಫಾ ತಿಳಿಯಲಿಲ್ಲ. ನಮ್ಮ ಹುಡುಗಿ ಬೀಸಿದ ಬಲಗೈ ಒಂದೇ ಅದಕ್ಕೆ ಇಡೀ ಹುಡುಗಿ.

ಇದೇ ಆಟದಲ್ಲಿ ನನಗೆ ಇಷ್ಟವಾದ ಜಾಣತನ ಒಂದಿದೆ. ಪರದೆಯ ಡ್ಯಾನ್ಸರ್ ಕನ್ನಡಿಯ ಹಾಗೆ ಕುಣಿಯುತ್ತಾರೆ. ನಿಮ್ಮ ಬಲಗೈ ಏಳಬೇಕಾದಾಗ ಅವರ ಎಡಗೈ ಏಳುತ್ತದೆ. ನಿಮ್ಮ ಕಣ್ಣಿಗೆ ಎರಡೂ ಒಂದೇ ಬದಿ. ರಿಮೋಟ್ ಹಿಡಿಯುವ ಕೈ ಯಾವುದು ಅಂತ ತಿಳಿಯಲಿ ಎಂದು ಆ ಕೈಗೆ ಎದ್ದು ಕಾಣುವ ಬಣ್ಣದ ಗ್ಲೌಸು ಬೇರೆ. ಯೂಟ್ಯೂಬಿನ ಹಾಡು ನೋಡಿ ಸ್ಕೂಲ್ ಡೇಗೆ ಸ್ಟೆಪ್ಪು ಕಲಿಯುವ ಮಕ್ಕಳಿಗೆ ಈ ಸೌಲಭ್ಯ ಇಲ್ಲ. ಅರ್ಧ ಮಕ್ಕಳು ಕಂಡ ಬದಿಗೇ ತಿರುಗುತ್ತಾರೆ, ಇನ್ನರ್ಧ ಮಕ್ಕಳು ಮನಸ್ಸಿನಲ್ಲೇ ಎಡಬಲ ಅದಲುಬದಲು ಮಾಡಿಕೊಂಡು ತಿರುಗುತ್ತಾರೆ. ಸ್ಟೇಜಿನ ಮೇಲೆ ಎರಡು ಗುಂಪು ಡಿಕ್ಕಿ ಹೊಡೆಯುವುದಕ್ಕೆ ಇದೇ ಕಾರಣ. ಯಾರೂ ತಪ್ಪು ಕಲಿತಿಲ್ಲ!

ಮೂರನೆಯದು ಕಣ್ಣು. 2010ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ 'ಕಿನೆಕ್ಟ್' ಅನ್ನುವ ಕ್ಯಾಮೆರಾ ಬಿಟ್ಟಿತು. ಜೊತೆಗೇ ಹಾರ್ಮೋನಿಕ್ಸ್ ಕಂಪನಿಯ 'ಡ್ಯಾನ್ಸ್ ಸೆಂಟ್ರಲ್' ಆಟ ಬಂತು. ಇಲ್ಲಿ ಕೈಯಲ್ಲಿ ಏನೂ ಹಿಡಿಯಬೇಕಿಲ್ಲ. ಸುಮಾರು 6 ಅಡಿ ದೂರ ನಿಂತು ಕುಣಿದರೆ ಸಾಕು. ಮೊದಲ 60 ದಿನದಲ್ಲೇ 80 ಲಕ್ಷ ಕಿನೆಕ್ಟ್‌ಗಳು ಮಾರಾಟವಾದವು.

ಅದು ಹೇಗೆ ನೋಡುತ್ತದೆ ಅನ್ನುವುದಕ್ಕೆ ಮಲೆನಾಡಿನವರಿಗೆ ಬೇರೆ ಉದಾಹರಣೆ ಬೇಡ. ಅಡಿಕೆ ಸೋಗೆಯ ಚಪ್ಪರದ ಸಂದಿಯಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಅಂಗಳಕ್ಕೆ ಬೀಳುತ್ತದೆ. ಆ ಚುಕ್ಕೆಗಳ ನಡುವೆ ಒಂದು ಮಗು ಓಡಿದರೆ, ನೆಲದ ಮೇಲಿದ್ದ ಚುಕ್ಕೆ ಮಗುವಿನ ತಲೆಗೆ, ಹೆಗಲಿಗೆ, ಬೆನ್ನಿಗೆ ಹತ್ತುತ್ತದೆ. ಹತ್ತುವಾಗ ಜಾಗ ಬದಲಿಸುತ್ತದೆ. ಮಗುವನ್ನು ನೋಡದೆ ಚುಕ್ಕೆಗಳ ಜರುಗಾಟ ನೋಡಿಯೇ ಅಲ್ಲೊಂದು ಮಗು ಇದೆ, ಇಷ್ಟು ಎತ್ತರ ಇದೆ ಅಂತ ಹೇಳಬಹುದು. ಕಿನೆಕ್ಟ್ ಮಾಡುತ್ತಿದ್ದುದು ಅದನ್ನೇ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನ ಸಾವಿರಾರು ಚುಕ್ಕೆಗಳನ್ನು ಕೋಣೆಗೆ ಎರಚುವುದು, ಅವು ಎಲ್ಲೆಲ್ಲಿ ಜರುಗಿದವು ಅಂತ ಸೆಕೆಂಡಿಗೆ 30 ಸಲ ನೋಡುವುದು, ಯಾವ ಚುಕ್ಕೆ ಎಷ್ಟು ದೂರ ಅಂತ ಲೆಕ್ಕ ಹಾಕುವುದು. ಅದರಿಂದ ಮೈಯ 20 ಕೀಲುಗಳನ್ನು ಊಹಿಸುತ್ತಿತ್ತು: ತಲೆ, ಭುಜ, ಮೊಣಕೈ, ಸೊಂಟ, ಮಂಡಿ ಹೀಗೆ. ಆಟಗಾರ ಎಡಗಾಲು ತಪ್ಪಿದರೆ ಪರದೆಯ ಗೊಂಬೆಯ ಆ ಕಾಲು ಕೆಂಪಗಾಗುತ್ತಿತ್ತು. ಒಬ್ಬ ಮೇಷ್ಟ್ರು ತೋರಿಸುವ ತಪ್ಪಿಗೆ ಇದು ತುಂಬಾ ಹತ್ತಿರ. ನನ್ನ ಲೆಕ್ಕದಲ್ಲಿ ಡ್ಯಾನ್ಸ್ ಕಲಿಸುವ ಯೋಗ್ಯತೆ ಪಡೆದ ಮೊದಲ ಗೇಮು ಇದು.

ಆದರೆ ಊಹೆ ಊಹೆಯೇ. ಒಂದು ಕೈ ಬೆನ್ನ ಹಿಂದೆ ಹೋದರೆ ಅದಕ್ಕೆ ಗಲಿಬಿಲಿ. ಅಗಲ ಲಂಗ ಹಾಕಿದರೆ ಮಂಡಿ ಎಲ್ಲಿದೆ ಅಂತ ಹುಡುಕಬೇಕು. ಕೇದಗೆ ಮುಂದಲೆ, ಭುಜಕೀರ್ತಿ, ಕಸೆ ಸೀರೆ ಎಲ್ಲ ಕಟ್ಟಿದ ಯಕ್ಷಗಾನದ ವೇಷಧಾರಿ ಎದುರು ನಿಂತಿದ್ದರೆ ಅದರ ಪಾಡು ಏನಾಗುತ್ತಿತ್ತೋ! ಮುಖದ ಭಾವಕ್ಕೆ ಅಂಕವಂತೂ ಇರಲೇ ಇಲ್ಲ. 2017ರಲ್ಲಿ ಕಿನೆಕ್ಟ್ ತಯಾರಿಕೆ ನಿಂತಿತು. ಅದರ ವಿದ್ಯೆ ಮಾತ್ರ ಉಳಿದು, ಈಗ ಸಾದಾ ಮೊಬೈಲ್ ಕ್ಯಾಮೆರಾದಿಂದಲೇ ಮೈಯ 33 ಬಿಂದುಗಳನ್ನು ಗುರುತಿಸುವ ಸಾಫ್ಟ್‌ವೇರ್ ಬಂದಿದೆ.

ಇನ್ನೊಂದು ಬಗೆಯ ಆಟದಲ್ಲಿ ನಾವು ಕುಣಿಯುವುದೇ ಇಲ್ಲ, ಗೊಂಬೆ ಕುಣಿಯುತ್ತದೆ. ಬಂದೂಕಿನ ಆಟಗಳಲ್ಲಿ ಎದುರಾಳಿಯನ್ನು ಹೊಡೆದ ಕೂಡಲೇ ಒಂದು ಬಟನ್ ಒತ್ತಿ ಕುಣಿಸುತ್ತಾರಲ್ಲ, ಅದಕ್ಕೆ ಎಮೋಟ್ ಅನ್ನುತ್ತಾರೆ. ಆಟ ಗೆಲ್ಲುವುದಕ್ಕೆ ಎಮೋಟಿನಿಂದ ನಯಾಪೈಸೆ ಲಾಭ ಇಲ್ಲ. ಆದರೂ ಮಕ್ಕಳು ದುಡ್ಡು ಕೊಟ್ಟು ಕೊಳ್ಳಲು ಕಾಡುತ್ತಾರೆ. ಯಾಕೆಂದರೆ ಅದು ಮೀಸೆ ತಿರುವುವುದಕ್ಕೆ ಸಮ. 2017ರಲ್ಲಿ ಬಂದ ಎಪಿಕ್ ಗೇಮ್ಸ್ ಕಂಪನಿಯ 'ಫೋರ್ಟ್‌ನೈಟ್' ಇದನ್ನು ದೊಡ್ಡ ವ್ಯಾಪಾರ ಮಾಡಿತು. ಶಾಲೆಯ ಅಂಗಳದಲ್ಲಿ ಎರಡೂ ಕೈ ಮುಷ್ಟಿ ಕಟ್ಟಿ ಸೊಂಟದ ಹಿಂದೆ ಮುಂದೆ ಆಡಿಸುವ 'ಫ್ಲಾಸ್' ಸ್ಟೆಪ್ಪು ನೋಡಿದ್ದೀರಲ್ಲ, ಅದು ಮನೆಮನೆಗೆ ಹಬ್ಬಿದ್ದರಲ್ಲಿ ಈ ಆಟದ ಪಾಲು ದೊಡ್ಡದು.

ಆಗ ಒಂದು ಜಗಳ ಹುಟ್ಟಿತು. ಸ್ಟೆಪ್ಪು ಯಾರದು? ಅಮೆರಿಕದ ನಟ ಅಲ್ಫಾನ್ಸೊ ರಿಬೇರೊ ತಾನು ಟಿವಿ ಧಾರಾವಾಹಿಯಲ್ಲಿ ಕುಣಿದದ್ದನ್ನು ಫೋರ್ಟ್‌ನೈಟ್‌ನವರು ಕದ್ದರು ಅಂತ 2018ರಲ್ಲಿ ಕೇಸು ಹಾಕಿದರು. ಇದು ಸರಳವಾದ ಕೆಲವು ಹೆಜ್ಜೆ ಅಷ್ಟೇ, ನೋಂದಾಯಿಸಲು ಆಗುವುದಿಲ್ಲ ಅಂತ ಅಲ್ಲಿನ ಕಾಪಿರೈಟ್ ಕಚೇರಿ ಹೇಳಿತು. ಕೇಸು ವಾಪಸ್ಸಾಯಿತು. ಆದರೆ ಕೈಲ್ ಹನಗಾಮಿ ಅನ್ನುವ ನೃತ್ಯ ಸಂಯೋಜಕರು ಇದೇ ಕಂಪನಿಯ ಮೇಲೆ ಹಾಕಿದ ಕೇಸಿನಲ್ಲಿ 2023ರಲ್ಲಿ ಮೇಲ್ಮನವಿ ಕೋರ್ಟು ಬೇರೆ ಮಾತಾಡಿತು. ಸಂಯೋಜನೆ ಅಂದರೆ ಬಿಡಿ ಭಂಗಿಗಳ ಪಟ್ಟಿ ಅಂತ ತಿಳಿಯಬೇಡಿ, ವೇಗ, ತಾಳ, ಒಂದರಿಂದ ಇನ್ನೊಂದಕ್ಕೆ ಹೋಗುವ ರೀತಿ ಎಲ್ಲ ಸೇರುತ್ತದೆ ಅನ್ನುವುದು ಅದರ ಸಾರ. ಆಮೇಲೆ ಎರಡೂ ಕಡೆಯವರು ರಾಜಿಯಾದರು. ಅಕ್ಷರ ಒಂದೊಂದೂ ಯಾರ ಸೊತ್ತೂ ಅಲ್ಲ, ಕವಿತೆ ಕವಿಯದು. ಹಾಗೆ.

ನಮ್ಮಲ್ಲೂ ಇಂಥ ಜಗಳ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಅದೂ ಯಕ್ಷಗಾನದ್ದು. ಶಿವರಾಮ ಕಾರಂತರು ಯಕ್ಷಗಾನಕ್ಕೆ ಬ್ಯಾಲೆ ರೂಪ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅದನ್ನು ಆಡಿಸುವ ಹಕ್ಕು ಯಾರದು ಅನ್ನುವ ಪ್ರಶ್ನೆ ಎದ್ದಿತು. ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ನೃತ್ಯ ಸಂಯೋಜನೆ ನಾಟಕ ಕೃತಿಯ ಗುಂಪಿಗೆ ಸೇರುತ್ತದೆ, ಆದರೆ ಬರಹದಲ್ಲೋ ಬೇರೆ ರೀತಿಯಲ್ಲೋ ಅದನ್ನು ದಾಖಲು ಮಾಡಿರಬೇಕು. ಕಾರಂತರ ಉಯಿಲಿನ ಪ್ರಕಾರ ಹಕ್ಕು ಬಂದವರ ಪರವಾಗಿ 2009ರಲ್ಲಿ ತೀರ್ಪು ಬಂತು. ಕಾಯ್ದೆಯೇ ಕೊಟ್ಟಿರುವ ವಿನಾಯಿತಿಗಳೊಳಗೆ ಬೇರೆಯವರೂ ಆಡಬಹುದು ಅಂತಲೂ ಕೋರ್ಟು ಸೇರಿಸಿತು.

ಇನ್ನು ಟಿವಿಗೆ ಬರೋಣ. ಸೋನಿ ಚಾನೆಲ್ಲಿನ 'ಬೂಗಿ ವೂಗಿ' ಶುರುವಾದದ್ದು 1996ರಲ್ಲಿ. ಕೇಬಲ್ ಬಂದ ಹೊಸತು. ಊರಿನ ಮಕ್ಕಳೂ ಟಿವಿಯಲ್ಲಿ ಕುಣಿಯಬಹುದು ಅಂತ ಅದು ತೋರಿಸಿಕೊಟ್ಟಿತು. 2010ರಲ್ಲಿ ಜೀ ಟಿವಿಯಲ್ಲಿ ಬರೀ ಮಕ್ಕಳಿಗೇ 'ಡಿಐಡಿ ಲಿಟಲ್ ಮಾಸ್ಟರ್ಸ್', 2016ರಲ್ಲಿ ಸೋನಿಯಲ್ಲಿ 'ಸೂಪರ್ ಡ್ಯಾನ್ಸರ್'. ಕನ್ನಡದಲ್ಲಿ 'ಡ್ಯಾನ್ಸ್ ಕರ್ನಾಟಕ ಡ್ಯಾನ್ಸ್' ಅಂಥವು ಬಂದವು. ನಮ್ಮೂರಲ್ಲೂ ಆಡಿಷನ್ ಅಂದರೆ ಸಾಕು, ತಾಯಂದಿರು ಮಕ್ಕಳಿಗೆ ಮಿನುಗುವ ಅಂಗಿ ಹಾಕಿಸಿ ಕರೆದುಕೊಂಡು ಹೊರಡುತ್ತಾರೆ.

ಇಲ್ಲಿ ಅಂಕ ಕೊಡುವುದು ಯಾರ ಕಣ್ಣು? ಜಡ್ಜುಗಳದು ಅಂತ ನಾವು ಅಂದುಕೊಳ್ಳುತ್ತೇವೆ. ಅವರು ನೋಡುವುದು ಸ್ಟೇಜನ್ನು. ನಾವು ನೋಡುವುದು ಕ್ಯಾಮೆರಾ ಆರಿಸಿಕೊಟ್ಟದ್ದನ್ನು. ಒಂದು ಕೆಲಸ ಮಾಡಿ. ಮುಂದಿನ ಸಲ ಇಂಥ ಶೋ ನೋಡುವಾಗ ಮಗುವಿನ ಎರಡೂ ಪಾದ ಪೂರ್ತಿ ಕಾಣುವ ಶಾಟ್ ಎಷ್ಟು ಸೆಕೆಂಡು ಇದೆ ಅಂತ ಎಣಿಸಿ. ಮಗು ಹೆಜ್ಜೆ ಹಾಕುತ್ತಿರುವಾಗಲೇ ಜಡ್ಜು ಬಾಯಿ ಬಿಟ್ಟದ್ದು, ಅಮ್ಮ ಕಣ್ಣೊರೆಸಿಕೊಂಡದ್ದು, ಮೇಲಿನಿಂದ ಕ್ರೇನ್ ಇಳಿದದ್ದು ಬಂದು ಹೋಗುತ್ತವೆ. ಹೆಜ್ಜೆ ಕಾಣದ ಮೇಲೆ ಹೆಜ್ಜೆಗೆ ಬೆಲೆ ಎಲ್ಲಿ? ಹಾಗಾಗಿ ಒಂದೇ ಶಾಟಿನಲ್ಲಿ ದಕ್ಕುವ ಸಂಗತಿಗಳು ಮೇಲೆ ಬರುತ್ತವೆ. ಗಾಳಿಯಲ್ಲಿ ಪಲ್ಟಿ, ಹೆಗಲ ಮೇಲಿಂದ ಜಿಗಿತ, ಹಗ್ಗದಲ್ಲಿ ನೇತಾಡುವುದು, ಕೊನೆಗೊಂದು ಕಣ್ಣೀರಿನ ಕಥೆ. ಎರಡು ಮೂರು ನಿಮಿಷದಲ್ಲಿ ಎಲ್ಲ ಮುಗಿಯಬೇಕು, ಯಾಕೆಂದರೆ ನೋಡುವವರ ಕೈಯಲ್ಲಿ ರಿಮೋಟ್ ಇದೆ. ಜನರ ವೋಟು ಇದ್ದರಂತೂ ಮಗುವಿನ ಮನೆಕಥೆಯೂ ಕುಣಿತದ ಜೊತೆ ತೂಕಕ್ಕೆ ಬೀಳುತ್ತದೆ.

ಕಂಬಿ ಹಿಡಿದು ಕಾಲು ಓಡಿಸುವ ಆಟಗಾರನಿಗೂ ಕ್ಯಾಮೆರಾಕ್ಕೆ ಪಲ್ಟಿ ಹೊಡೆಯುವ ಮಗುವಿಗೂ ನನಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರೂ ತಮ್ಮನ್ನು ಅಳೆಯುವ ಕಣ್ಣಿಗೆ ಏನು ಕಾಣುತ್ತದೋ ಅದನ್ನು ಬೆಳೆಸಿಕೊಂಡಿದ್ದಾರೆ. ವ್ಯತ್ಯಾಸ ಇರುವುದು ಒಂದೇ ಕಡೆ. ಗೇಮಿನಲ್ಲಿ ಸೋತರೆ ಮತ್ತೆ ಬಟನ್ ಒತ್ತಬಹುದು. ಟಿವಿಯಲ್ಲಿ ಎಂಟು ವರ್ಷದ ಮಗು ಎಲಿಮಿನೇಟ್ ಆಗಿ ಅಳುವುದನ್ನು ಇಡೀ ರಾಜ್ಯ ನೋಡುತ್ತದೆ. ಆ ಅಳುವಿಗೂ ಒಂದು ಕ್ಲೋಸಪ್.

ಅದಕ್ಕೇ ಇಲ್ಲಿ ಕಾನೂನು ಕಾಲಿಟ್ಟಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ನಿಯಮ ಬಂತು. ಅದರ ಪ್ರಕಾರ 14 ವರ್ಷದೊಳಗಿನ ಮಗುವನ್ನು ಇಂಥ ಕಾರ್ಯಕ್ರಮಕ್ಕೆ ಬಳಸಲು ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಕೂಡದು, ವಿರಾಮ ಇಲ್ಲದೆ 3 ಗಂಟೆಗಿಂತ ಹೆಚ್ಚು ಕೂಡದು. ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ, ಓದು ನಿಲ್ಲುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿ ಹೊತ್ತ ದೊಡ್ಡವರು ಜೊತೆಗಿರಬೇಕು. ಮಗುವಿನ ಸಂಪಾದನೆಯಲ್ಲಿ ಕಡೇಪಕ್ಷ ಶೇ. 20 ಭಾಗ ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಆಗಬೇಕು. ಈ ಕೊನೆಯದನ್ನು ಎಷ್ಟೋ ಅಪ್ಪ ಅಮ್ಮಂದಿರು ಕೇಳುವುದೇ ಇಲ್ಲ. ಕೇಳಬೇಕು. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ಅಂದರೆ ನಮ್ಮೂರ ಮಗುವಿಗೆ ಶೂಟಿಂಗಿಗೆ ಹೋಗಿಬರುವ ಹೊತ್ತೇ ಕಾನೂನು ಹೇಳುವ 5 ಗಂಟೆಯ ಕೆಲಸದ ದಿನಕ್ಕಿಂತ ಉದ್ದ!

2019ರ ಜೂನ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಖಾಸಗಿ ಚಾನೆಲ್ಲುಗಳಿಗೆ ಒಂದು ಸಲಹೆ ಕಳಿಸಿತು. ಸಿನಿಮಾದಲ್ಲಿ ದೊಡ್ಡವರು ಕುಣಿದ ಹೆಜ್ಜೆಗಳನ್ನು ಮಕ್ಕಳಿಂದ ಕುಣಿಸುತ್ತಿದ್ದೀರಿ, ವಯಸ್ಸಿಗೆ ಒಪ್ಪದ್ದನ್ನು ತೋರಿಸಬೇಡಿ ಅಂತ. ಅದು ಚಾನೆಲ್ಲಿಗೆ ಹೇಳಿದ್ದು. ನಮ್ಮ ಸ್ಕೂಲ್ ಡೇಗಳಿಗೂ ಒಂದು ಪ್ರತಿ ಕಳಿಸಬಹುದಿತ್ತು ಅಂತ ಪ್ರತಿ ಡಿಸೆಂಬರಿನಲ್ಲಿ ನನಗೆ ಅನ್ನಿಸುತ್ತದೆ.

ಮಲೆನಾಡಿನಲ್ಲಿ ಮಕ್ಕಳು ಕುಣಿಯುವ ಬೇರೆ ಜಾಗಗಳೂ ಇವೆಯಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಕ್ಕಳ ಯಕ್ಷಗಾನ ಇದೆ. ಅಲ್ಲಿ ಹುಡುಗನ ಕುಣಿತ ಅಳೆಯುವವರು ಎದುರಿಗಿಲ್ಲ, ಬೆನ್ನ ಹಿಂದೆ ಇರುತ್ತಾರೆ. ಭಾಗವತರ ಕಣ್ಣು ಅವನ ಹಿಮ್ಮಡಿಯ ಮೇಲೆ. ಹುಡುಗ ಇನ್ನೂ ಒಂದು ಸುತ್ತು ಕುಣಿಯಬೇಕು ಅಂತಿದ್ದರೆ ಪದ್ಯದ ಅದೇ ಸಾಲನ್ನು ಇನ್ನೊಮ್ಮೆ ಎತ್ತುತ್ತಾರೆ. ಸುಸ್ತಾದ ಅನ್ನಿಸಿದರೆ ಮುಕ್ತಾಯಕ್ಕೆ ತರುತ್ತಾರೆ. ಚಂಡೆಯವರು ಅವನ ಕಾಲು ನೋಡಿ ಪೆಟ್ಟು ಇಡುತ್ತಾರೆ. ಗೇಮಿನ ಹಾಡು ಯಾರಿಗೂ ಕಾಯುವುದಿಲ್ಲ, ಟಿವಿಯ ಟ್ರ್ಯಾಕ್ ಕಾಯುವುದಿಲ್ಲ. ಇಲ್ಲಿ ಹಾಡು ಕಾಯುತ್ತದೆ. ಡೊಳ್ಳು ಕುಣಿತ ಇನ್ನೂ ಒಂದು ಹೆಜ್ಜೆ ಮುಂದೆ. ಕುಣಿಯುವವನೇ ಬಾರಿಸುವವನು, ತಾಳ ತಪ್ಪಿದರೆ ದೂರಲು ಬೇರೆ ಯಾರೂ ಇಲ್ಲ.

ಅಲ್ಲಿ ಎಲ್ಲ ಚೆನ್ನ ಅಂತೇನಿಲ್ಲ. ಅಕ್ಕನ ಗಂಡ ಸಣ್ಣವನಿದ್ದಾಗ ರಂಗಸ್ಥಳದಲ್ಲಿ ಅವನ ಕಿರೀಟ ಜಾರಿ ಮೂಗಿನ ಮೇಲೆ ಬಂದದ್ದನ್ನು ಊರಿನವರು ಇವತ್ತಿಗೂ ಮರೆತಿಲ್ಲ. ಮೂವತ್ತು ವರ್ಷ ಆಯಿತು, ಮದುವೆಮನೆಯಲ್ಲಿ ಸಿಕ್ಕಿದವರು ಈಗಲೂ ಕೇಳುತ್ತಾರೆ. ಎಲಿಮಿನೇಷನ್ ಆದರೂ ಒಂದು ವಾರಕ್ಕೆ ಮುಗಿಯುತ್ತದೆ.

ಆ ಮಳೆಯ ದಿನ ಮಗ ಸುಮ್ನೆ ಬಿಡಲಿಲ್ಲ. ಅಕ್ಸೆಲೆರೋಮೀಟರ್ ಅಂದರೆ ಏನು ಅಂತ ನನ್ನಿಂದ ಕೇಳಿ ತಿಳಿದುಕೊಂಡು, ಅಡುಗೆಮನೆಗೆ ಓಡಿದ. ಅಲ್ಲಿ ನಮ್ಮ ಅಮ್ಮ ತುರಿಮಣೆ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ಹುಡುಗಿಯ ಜಡೆ ರಿಬ್ಬನ್ ಬಿಚ್ಚಿ, ಮೊಬೈಲನ್ನು ಅಜ್ಜಿಯ ಬಲಗೈ ಮಣಿಕಟ್ಟಿಗೆ ಕಟ್ಟಿದ. ಹೊರಗೆ ಟಿವಿಯಲ್ಲಿ ಹಾಡು ಶುರುವಾಯಿತು. ಪರದೆಯ ಮೇಲೆ ಅಜ್ಜಿಗೆ ಒಂದೊಂದೇ 'ಓಕೆ', ಮಧ್ಯದಲ್ಲಿ ಒಂದು 'ಗುಡ್', ಮತ್ತೆರಡು 'ಓಕೆ'. ಮಕ್ಕಳಿಬ್ಬರೂ ನೆಲದ ಮೇಲೆ ಬಿದ್ದು ನಕ್ಕರು.

ಅಮ್ಮ ಎರಡನೇ ಹೋಳು ಮುಗಿಸಿ, ಕೈ ಕೊಡವಿಕೊಂಡು, ಒಳಗಿನಿಂದಲೇ ಕೇಳಿದರು: "ನಂಗೆಷ್ಟು ಬಂತೋ?"